ಪ್ರಾರ್ಥನೆಯೋ, ಸೊಕ್ಕೋ? ಒಂದು ರ‍್ಯಾಪ್ ಗೀತೆಯನ್ನು ಸಭೆಯಲ್ಲಿ ಓದುವ ಬಗೆ

ಕಲಬುರಗಿ ನಗರದ ಒಂದು ಯುವಜನ ಕೂಟದಲ್ಲಿ ನಾವು ಪ್ರಾರ್ಥನೆಯ ಕುರಿತು ಅಧ್ಯಯನ ನಡೆಸುತ್ತಿದ್ದಾಗ, ಪದವಿ ಓದುತ್ತಿರುವ ತರುಣನೊಬ್ಬನು ತನ್ನ ಫೋನಿನಿಂದ ಒಂದು ಹಾಡಿನ ಆರಂಭವನ್ನು ಎಲ್ಲರಿಗೂ ಕೇಳಿಸಿದನು. ಮೊದಲು ಗಾಯಕವೃಂದವೊಂದರ ಹಳೆಯ ಧ್ವನಿ. ದೇವರನ್ನು ತಂದೆಯೆಂದು ಕರೆದು ಕೈಚಾಚುವ ಹಾಡು. ಅನಂತರ ಭಾರವಾದ ತಾಳ. ಮುಂದಿನ ಸಾಲು ಬರುವಷ್ಟರಲ್ಲಿ ಅವನು ಹಾಡನ್ನು ನಿಲ್ಲಿಸಿಬಿಟ್ಟನು. ಅಲ್ಲಿ ಏನಿದೆ ಎಂಬುದು ಅವನಿಗೆ ಗೊತ್ತಿತ್ತು. ನಮ್ಮೆದುರು ಅದನ್ನು ಕೇಳಿಸಲು ಸಂಕೋಚವೂ ಇತ್ತು. ಆ ಮೇಲೆ ಅವನು ಕೇಳಿದ ಪ್ರಶ್ನೆ ಇದು: “ಇದು ಪ್ರಾರ್ಥನಿ ಏನ್ರಿ ಪಾಸ್ಟರ್, ಇಲ್ಲಾ ಸೊಕ್ಕೇನ್ರಿ?”

ಅಂದು ನಾವು ಸರಿಯಾದ ಉತ್ತರವನ್ನು ಕೊಡಲಿಲ್ಲ. ಲೋಕದ ಹಾಡುಗಳಲ್ಲಿ ದೇವರ ನಾಮವನ್ನು ವ್ಯರ್ಥವಾಗಿ ಎತ್ತುತ್ತಾರೆಂದು ಹೇಳಿ ಮುಂದೆ ಸಾಗಿದೆವು. ಕೆಲವು ವಾರಗಳ ತರುವಾಯ ಕಮಲಾಪುರದಲ್ಲಿ, ಇನ್ನೂ ಚಿಕ್ಕದಾದ ಒಂದು ಕೂಟದಲ್ಲಿ, ಅದೇ ಹಾಡು ಮತ್ತೆ ನಮ್ಮ ಮುಂದೆ ಬಂದಿತು. ಅಲ್ಲಿ ಅದನ್ನು ಕೇಳಿದ ಕಿವಿಗಳು ಬೇರೆಯಾಗಿದ್ದವು. ಈ ಎರಡು ಕೂಟಗಳ ನಡುವೆ ನಾವು ಕಲಿತುಕೊಂಡದ್ದನ್ನು, ಇಂಥ ಪ್ರಶ್ನೆಗಳನ್ನು ಎದುರಿಸಬೇಕಾದ ಸಭಾಪಾಲಕರ ಮತ್ತು ದೈವಶಾಸ್ತ್ರದ ವಿದ್ಯಾರ್ಥಿಗಳ ಮುಂದೆ ಇಲ್ಲಿ ಇಡುತ್ತಿದ್ದೇವೆ.

ಆ ಹಾಡು ಅಮೆರಿಕದ ಕಾನ್ಯೆ ವೆಸ್ಟ್ ಅವರ ‘ಫಾದರ್ ಸ್ಟ್ರೆಚ್ ಮೈ ಹ್ಯಾಂಡ್ಸ್’. 2016ರ ಫೆಬ್ರುವರಿಯಲ್ಲಿ ಹೊರಬಂದ ‘ದಿ ಲೈಫ್ ಆಫ್ ಪಾಬ್ಲೋ’ ಎಂಬ ಸಂಗ್ರಹದಲ್ಲಿ ಅದು ಎರಡು ಭಾಗಗಳಾಗಿ ಇದೆ. ಕನ್ನಡದಲ್ಲಿಯೂ ಈಗ ರ‍್ಯಾಪ್ ಇಲ್ಲವೆಂದಲ್ಲ. ಚಂದನ್ ಶೆಟ್ಟಿಯವರ ‘ಮೂರು ಪೆಗ್’ ನಮ್ಮ ಕಡೆಯ ಮದುವೆಯ ಮೆರವಣಿಗೆಗಳಿಗೂ ಅಪರಿಚಿತವಲ್ಲ. ಆದರೆ ಕುಡಿತದ ಹಾಡಿನ ಬಗ್ಗೆ ಯಾವ ಹುಡುಗನೂ ಬಂದು ಇದು ಪ್ರಾರ್ಥನೆಯೋ ಎಂದು ಕೇಳುವುದಿಲ್ಲ. ವೆಸ್ಟ್ ಅವರ ಹಾಡಿನ ಕಷ್ಟವಿರುವುದೇ ಇಲ್ಲಿ: ಅದರಲ್ಲಿ ನಿಜವಾಗಿಯೂ ಒಬ್ಬರು ಪ್ರಾರ್ಥಿಸುತ್ತಿದ್ದಾರೆ.

ಹಾಡಿನ ಹೆಸರಿನ ಮೂಲವನ್ನು ಹುಡುಕುತ್ತ ಹೋದರೆ ನಾವು ಬಂದು ನಿಲ್ಲುವುದು ನಮ್ಮದೇ ಮನೆಯ ಹೊಸ್ತಿಲಲ್ಲಿ. ತಂದೆಯಾದ ದೇವರ ಕಡೆಗೆ ಕೈಗಳನ್ನು ಚಾಚುವ ಆ ಗೀತೆಯು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನದು. ಪರಂಪರೆಯು ಅದನ್ನು ಚಾರ್ಲ್ಸ್ ವೆಸ್ಲಿಯವರದೆಂದು ಎಣಿಸುತ್ತದೆ. ಬೀದರ ಮತ್ತು ಕಲಬುರಗಿ ಸೀಮೆಯಲ್ಲಿ ಮೆಥೊಡಿಸ್ಟ್ ಸಭೆಗಳಲ್ಲಿ ದೀಕ್ಷಾಸ್ನಾನ ಪಡೆದು ಬೆಳೆದವರಿಗೆ ಈ ಹೆಸರಿನ ಪರಿಚಯ ಮಾಡಿಕೊಡಬೇಕಾದ್ದಿಲ್ಲ. ಆ ಗೀತೆಯು ಸಮುದ್ರವನ್ನು ದಾಟಿ ಅಮೆರಿಕದ ಕಪ್ಪು ಜನರ ಸಭೆಗಳನ್ನು ಸೇರಿತು. ಓದುಬರಹವನ್ನು ಕಲಿಯಗೊಡದಂತೆ ತಡೆಯಲ್ಪಟ್ಟಿದ್ದ ಜನರ ನಡುವೆ, ಮುಂದಾಳು ಒಂದು ಸಾಲನ್ನು ಹೇಳಿಕೊಟ್ಟು ಸಭೆಯು ಅದನ್ನು ಎಳೆದು ಎಳೆದು ಹಾಡುವ ಪದ್ಧತಿ ಬೆಳೆದಿತ್ತು. ಒಬ್ಬರು ಹೇಳಿ ಉಳಿದವರು ಹಿಡಿದುಕೊಳ್ಳುವ ನಮ್ಮ ಹಳ್ಳಿಯ ಭಜನೆಯನ್ನು ಕೇಳಿದವರಿಗೆ ಇದು ಅರ್ಥವಾಗುತ್ತದೆ. ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಶಿಕಾಗೋ ನಗರದ ಪಾಸ್ಟರ್ ಟಿ. ಎಲ್. ಬ್ಯಾರೆಟ್ ತಮ್ಮ ಯುವ ಗಾಯಕವೃಂದದೊಂದಿಗೆ ಆ ಪ್ರಾರ್ಥನೆಯನ್ನು ಹೊಸ ರಾಗದಲ್ಲಿ ಧ್ವನಿಮುದ್ರಿಸಿದರು. ಅದೇ ನಗರದಲ್ಲಿ ಬೆಳೆದ ವೆಸ್ಟ್ ಆ ಮುದ್ರಿಕೆಯ ತುಣುಕೊಂದನ್ನು ಕತ್ತರಿಸಿ ತಮ್ಮ ಹಾಡಿನ ತಲೆಬಾಗಿಲಿನಲ್ಲಿ ಇಟ್ಟರು. ಹೀಗೆ ವೆಸ್ಲಿಯವರ ಕೈಚಾಚುವಿಕೆಯು ಸುಮಾರು 275 ವರ್ಷಗಳ ಪ್ರಯಾಣದ ಕೊನೆಯಲ್ಲಿ, ಮೆಥೊಡಿಸ್ಟರ ಮೊಮ್ಮಗನೊಬ್ಬನ ಫೋನಿನೊಳಗೆ ಕಲಬುರಗಿಗೆ ಬಂದಿತು. ತಂದವನಿಗೆ ಅದು ಗೊತ್ತಿರಲಿಲ್ಲ. ನಮಗೂ ಅಂದು ಗೊತ್ತಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಹಳೆಯ ಮುದ್ರಿಕೆಯ ತುಣುಕನ್ನು ಹೊಸ ಹಾಡಿನಲ್ಲಿ ಹೆಣೆಯುವುದಕ್ಕೆ ಆ ವೃತ್ತಿಯವರು ‘ಸ್ಯಾಂಪಲ್’ ಎನ್ನುತ್ತಾರೆ. ಸತ್ಯವೇದವನ್ನು ವ್ಯಾಖ್ಯಾನಿಸುವ ನಮಗೆ ಇದು ಹೊಸ ಕೆಲಸವೇನೂ ಅಲ್ಲ. ಸುವಾರ್ತಿಕರು ಪ್ರವಾದಿಗಳ ಮಾತನ್ನು ಎತ್ತಿ ತಮ್ಮ ಕಥನದಲ್ಲಿ ಇಟ್ಟಾಗ, ಎತ್ತಿದ ಮಾತಿನೊಂದಿಗೆ ಅದರ ಹಿಂದಿನ ಸಂದರ್ಭವೂ ಬರುತ್ತದೆಯೋ ಇಲ್ಲವೋ ಎಂದು ನಾವು ತರಗತಿಗಳಲ್ಲಿ ಚರ್ಚಿಸುತ್ತೇವೆ. ಅದೇ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕು. ಬ್ಯಾರೆಟ್ ಅವರ ಗಾಯಕವೃಂದವು ಶಕ್ತಿಯೆಲ್ಲ ದೇವರೊಬ್ಬನದೇ ಎಂದು ಅರಿಕೆಮಾಡುತ್ತದೆ. ಅದರ ಬೆನ್ನಿಗೇ ತನ್ನ ಶಕ್ತಿಯನ್ನು ಮೆರೆಸುವ ಒಬ್ಬನ ಧ್ವನಿ ಕೇಳುತ್ತದೆ. ಈ ಎರಡು ಧ್ವನಿಗಳು ಒಂದೇ ಬಾಯಿಯವು ಎಂದು ತಿಳಿದುಕೊಂಡರೆ ಹಾಡು ದೇವದೂಷಣೆಯಂತೆ ತೋರುತ್ತದೆ. ಎರಡು ಬೇರೆ ಬಾಯಿಗಳೆಂದು ಕೇಳಿದರೆ, ಸಭೆಯು ಹಿಂದೆ ನಿಂತು ಪ್ರಾರ್ಥಿಸುತ್ತಿರುವಾಗ ಅದರ ಮುಂದೆ ಒಬ್ಬ ಮಗನು ಕುಣಿಯುತ್ತಿರುವಂತೆ ಕೇಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಎರಡನೆಯದೇ ಸರಿಯಾದ ಓದು.

ಹೆಸರಿನ ವ್ಯಾಕರಣದಲ್ಲಿ ಇನ್ನೊಂದು ವಿಷಯವಿದೆ. ಮೂಲಗೀತೆಯಲ್ಲಿ ಕೈಚಾಚುವವನು ‘ನಾನು’. ವೆಸ್ಟ್ ಇಟ್ಟ ಹೆಸರಿನಲ್ಲಿ ಆ ‘ನಾನು’ ಬಿದ್ದುಹೋಗಿದೆ. ಹಾಗೆ ಬಿದ್ದಾಗ ವಾಕ್ಯದ ಅರ್ಥವೇ ಮಗುಚಿ, ಕೈಗಳನ್ನು ಚಾಚುವ ಕೆಲಸವನ್ನು ತಂದೆಯೇ ಮಾಡಬೇಕೆಂಬ ಮೊರೆಯಾಗುತ್ತದೆ. ಹೆಸರನ್ನು ಚಿಕ್ಕದು ಮಾಡುವಾಗ ಆಕಸ್ಮಿಕವಾಗಿ ಹೀಗಾಗಿರಬಹುದು. ಇದರ ಮೇಲೆ ಅತಿಯಾದ ಭಾರ ಹೊರಿಸಬಾರದು. ಆದರೂ ಜಾನ್ ವೆಸ್ಲಿಯವರ ಬೋಧನೆಯಲ್ಲಿ, ಮನುಷ್ಯನು ದೇವರ ಕಡೆಗೆ ತಿರುಗುವ ಮುಂಚೆಯೇ ಅವನೊಳಗೆ ಕೆಲಸಮಾಡುವ ಪೂರ್ವಗಾಮಿ ಕೃಪೆ ಎಂಬುದು ಎಷ್ಟು ಮುಖ್ಯವೆಂದು ಬಲ್ಲವರು ಈ ಆಕಸ್ಮಿಕವನ್ನು ಸುಮ್ಮನೆ ದಾಟಿಹೋಗಲಾರರು. ಬತ್ತಿದ ಕೈಯವನಿಗೆ ಕೈಚಾಚೆಂದು ಕರ್ತನು ಅಪ್ಪಣೆಕೊಟ್ಟಾಗ (ಮಾರ್ಕ 3:5) ಚಾಚುವ ಬಲವು ಎಲ್ಲಿಂದ ಬಂದಿತು?

ಇನ್ನು ಸೊಕ್ಕಿನ ವಿಷಯ. ರ‍್ಯಾಪ್ ಗೀತೆಯಲ್ಲಿ ಹಾಡುವವನು ತನ್ನನ್ನು ಹೊಗಳಿಕೊಳ್ಳುವುದು, ಎದುರಾಳಿಯನ್ನು ಹೀಯಾಳಿಸುವುದು ಆ ಪ್ರಕಾರದ ನಡವಳಿಕೆ. 1973ರ ಆಗಸ್ಟಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಒಂದು ಮನೆಕೂಟದಿಂದ ಹಿಪ್‌ಹಾಪ್ ಹುಟ್ಟಿತೆಂದು ಹೇಳುವುದು ವಾಡಿಕೆ. ಬಡತನದಲ್ಲಿ, ಹೆಸರಿಲ್ಲದೆ ಬೆಳೆದವರು ಮೈಕಿನ ಮುಂದೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿದರು. ಉತ್ತರ ಕರ್ನಾಟಕದ ನಮಗೆ ಇದನ್ನು ಅರ್ಥಮಾಡಿಕೊಳ್ಳಲು ದೂರ ಹೋಗಬೇಕಾಗಿಲ್ಲ. ದಪ್ಪು, ತುಂತುಣಿಗಳೊಂದಿಗೆ ರಾತ್ರಿಯೆಲ್ಲ ನಡೆಯುವ ಹರದೇಶಿ–ನಾಗೇಶಿಯ ಗೀಗೀ ಪದಗಳಲ್ಲಿ, ಸವಾಲು–ಜವಾಬಿನ ಕಾವಿನಲ್ಲಿ, ಎರಡು ಮೇಳಗಳು ಒಂದನ್ನೊಂದು ಮೂದಲಿಸುವುದನ್ನು ಕೇಳಿದ ಯಾರೂ ಬೆಳಿಗ್ಗೆ ಎದ್ದು ಅವರ ನಡುವೆ ಸಂಧಾನ ಮಾಡಿಸಲು ಹೋಗುವುದಿಲ್ಲ. ಕಟ್ಟಿದ ಮಾತು ಅದು, ಕೇಳುವವರಿಗೂ ಹಾಗೆಂದು ಗೊತ್ತು. ಪ್ರಕಾರದ ನಡವಳಿಕೆಯನ್ನು ಅರಿಯದೆ ಸಾಲುಗಳನ್ನು ಹಾಗೆಯೇ ಸಾಕ್ಷಿಯಾಗಿ ತೆಗೆದುಕೊಳ್ಳುವುದು, ಶಾಪಕೀರ್ತನೆಗಳನ್ನು ಕೊಲೆಯ ಸಂಚೆಂದು ಓದಿದಂತೆ.

ಇಷ್ಟು ಹೇಳಿದ ಮೇಲೆಯೂ ಒಂದು ವ್ಯತ್ಯಾಸ ಉಳಿಯುತ್ತದೆ. ನಮ್ಮ ನಾಡಿನ ವಚನಕಾರರೂ ತತ್ವಪದಕಾರರೂ ತಮ್ಮ ಮಾತಿಗೆ ಅಂಕಿತ ಹಾಕಿದರು. ಬಸವಣ್ಣನವರ ವಚನ ಮುಗಿಯುವುದು ಕೂಡಲಸಂಗಮದೇವನ ಹೆಸರಿನಲ್ಲಿ. ಮಾತಾಡಿದವನು ಬಸವಣ್ಣ, ರುಜು ದೇವರದು. ರ‍್ಯಾಪ್ ಗೀತೆಯಲ್ಲಿ ರುಜು ಹಾಡಿದವನದೇ. ಕನ್ನಡದಲ್ಲಿ ‘ಕೀರ್ತಿ’ ಮತ್ತು ‘ಕೀರ್ತನೆ’ ಒಂದೇ ಬೇರಿನಿಂದ ಬಂದ ಪದಗಳು. ಪ್ರಶ್ನೆಯಿರುವುದು ಕೀರ್ತನೆಯಿಂದ ಹೊರಟ ಕೀರ್ತಿ ಯಾರ ಬಾಗಿಲಿಗೆ ಹೋಗಿ ನಿಲ್ಲುತ್ತದೆ ಎಂಬುದರಲ್ಲಿ. ವೆಸ್ಟ್ ಅವರ ಹಾಡಿನ ವಿಚಿತ್ರವೆಂದರೆ ದೇವರ ಹೆಸರು ಅಂಕಿತದ ಜಾಗದಲ್ಲಿ, ಕೊನೆಯಲ್ಲಿ ಬರದೆ, ಮೊಟ್ಟಮೊದಲೇ ಬಂದಿರುವುದು. ತನ್ನ ಹೆಸರನ್ನು ಕೂಗಿಕೊಳ್ಳುವ ಮುಂಚೆ ಅವನು ಇನ್ನೊಬ್ಬನ ಹೆಸರನ್ನು ಕೂಗಿಸಿದ್ದಾನೆ, ಅದೂ ಬೇರೆಯವರ ಬಾಯಿಂದ.

ಆ ತರುಣನು ನಿಲ್ಲಿಸಿದ ಸಾಲಿನ ಬಗ್ಗೆಯೂ ಹೇಳಲೇಬೇಕು. ಅದೊಂದು ಅಶ್ಲೀಲ ಹಾಸ್ಯ. ಸುಂದರಿಯೊಬ್ಬಳೊಂದಿಗಿನ ದೇಹಸಂಬಂಧದ ಮಾತು ಬರುತ್ತದೆ, ಆದರೆ ಹಾಡುವವನ ಚಿಂತೆಯೆಲ್ಲ ತನ್ನ ಅಂಗಿಗೆ ಕಲೆಯಾದೀತೆಂಬುದು. ಯೆಹೆಜ್ಕೇಲನ 16 ಮತ್ತು 23ನೆಯ ಅಧ್ಯಾಯಗಳಲ್ಲಿಯೂ ಸಭೆಯಲ್ಲಿ ಓದಲಾಗದ ಮಾತುಗಳಿವೆಯಲ್ಲ ಎಂದು ಕೆಲವರು ಇಂಥದನ್ನು ಸಮರ್ಥಿಸುವುದುಂಟು. ನಾವು ಒಪ್ಪುವುದಿಲ್ಲ. ಪ್ರವಾದಿಯ ಒರಟು ಮಾತು ಜನಾಂಗವನ್ನು ನಾಚಿಸಲು ಆಡಿದ್ದು. ಇದು ನಗಿಸಲು ಆಡಿದ್ದು, ಮತ್ತು ನಗೆಗೆ ಗುರಿಯಾದ ಆ ಹೆಣ್ಣಿಗೆ ಹಾಡಿನಲ್ಲಿ ಹೆಸರೂ ಇಲ್ಲ, ಮಾತೂ ಇಲ್ಲ. ಮಹಾಯಾಜಕನಾದ ಯೆಹೋಶುವನ ಹೊಲಸು ಬಟ್ಟೆಗಳನ್ನು ದೇವದೂತನ ಮುಂದೆ ತೆಗೆಯಿಸಿದ ಸಂಗತಿಯನ್ನು (ಜೆಕರ್ಯ 3) ಈ ಅಂಗಿಯ ಕಲೆಗೆ ಜೋಡಿಸಿ ಒಂದು ಸೊಗಸಾದ ಪ್ರಸಂಗ ಮಾಡುವ ಆಸೆ ನಮಗೂ ಆಯಿತು. ಅಂಥ ಆಸೆಯನ್ನು ಅದುಮಿಕೊಳ್ಳುವುದು ಒಳ್ಳೆಯದು. ಇಲ್ಲಿ ಅತಿಭೋಗವೆಂದರೆ ಏನೆಂಬುದನ್ನು ಆ ಸಾಲೇ ತೋರಿಸಿಕೊಡುತ್ತದೆ: ವಸ್ತುವಿನ ಮೇಲೆ ಮಮತೆ, ವ್ಯಕ್ತಿಯ ಮೇಲೆ ಇಲ್ಲ. ಅದನ್ನು ಪಾಪವೆಂದು ಕರೆಯಲು ರೂಪಕಗಳ ನೆರವು ಬೇಕಿಲ್ಲ.

ಇದೇ ಭಾಗದಲ್ಲಿ ಕಿಡ್ ಕಡಿ ಎಂಬ ಇನ್ನೊಬ್ಬ ಗಾಯಕರ ಧ್ವನಿ ಬಿಡುಗಡೆಗಾಗಿ ಹಂಬಲಿಸುತ್ತದೆ. ಅವರು ತಮ್ಮ ಹನ್ನೊಂದನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡವರು; ಆ ಹಾಡು ಬಂದ ವರ್ಷವೇ, 2016ರ ಅಕ್ಟೋಬರಿನಲ್ಲಿ, ತಮ್ಮ ಖಿನ್ನತೆಯನ್ನು ಬಹಿರಂಗವಾಗಿ ಹೇಳಿಕೊಂಡು ಚಿಕಿತ್ಸೆಗೆ ಹೋದರು. ಕೀರ್ತಿಯ ಶಿಖರದಲ್ಲಿ ನಿಂತವನು ಬಿಡುಗಡೆಯನ್ನು ಬೇಡುವುದು ನಟನೆಯಿರಬಹುದೆಂದು ಸಂದೇಹಪಡುವವರಿಗೆ ಇಷ್ಟನ್ನು ಹೇಳಿದರೆ ಸಾಕು.

ಎರಡನೆಯ ಭಾಗದಲ್ಲಿ ಹಾಡಿನ ಮುಖವೇ ಬದಲಾಗುತ್ತದೆ. ಯಾರದೋ ಕರೆಗೆ ಮರುಕರೆ ಮಾಡಲಿಲ್ಲವೆಂದು ವೆಸ್ಟ್ ಕ್ಷಮೆ ಕೇಳುತ್ತಾರೆ. ಯಾರೆಂದು ಹೇಳುವುದಿಲ್ಲ. ತನ್ನ ತಂದೆಗಿದ್ದ ದೋಷವೇ ತನಗೂ ಬಂದಿದೆ ಎನ್ನುತ್ತಾರೆ. ತಂದೆಯು ತನ್ನ ಸಮಯವನ್ನೂ ಹಣವನ್ನೂ ಒಂದು ಕನಸಿಗೆ ಸುರಿದದ್ದು, ಮಾರುಕಟ್ಟೆ ಕುಸಿದದ್ದು, ಇಂಥ ಕಾರಣಕ್ಕೆ ಮನೆಗಳು ಮುರಿಯುವುದು, ಮುಂದೆ ಮಗನು ಹಣ ಕೊಟ್ಟು ತಂದೆಯನ್ನು ನೆಲೆಗೊಳಿಸಿದ್ದು, ತಾಯಿ ತೀರಿಕೊಂಡದ್ದು, ಆತ್ಮವನ್ನೇ ಕಳೆದುಕೊಂಡದ್ದು, ವಾಹನದ ಅಪಘಾತದಲ್ಲಿ ದವಡೆ ಮುರಿದದ್ದು: ಇಷ್ಟೂ ಸಂಗತಿಗಳು ಉಸಿರು ಬಿಡದಂತೆ ಕೆಲವೇ ಕ್ಷಣಗಳಲ್ಲಿ ಬಂದುಹೋಗುತ್ತವೆ. ಇವು ಬಹುಮಟ್ಟಿಗೆ ಅವರ ಜೀವನದ ಸಂಗತಿಗಳು. ಅವರಿಗೆ ಮೂರು ವರ್ಷವಾಗಿದ್ದಾಗ ತಂದೆತಾಯಿಗಳು ವಿಚ್ಛೇದನ ಪಡೆದರು, ತಂದೆ ರೇ ವೆಸ್ಟ್ ಪತ್ರಿಕಾ ಛಾಯಾಗ್ರಾಹಕರಾಗಿದ್ದು ಮುಂದೆ ಕ್ರೈಸ್ತ ಆಪ್ತಸಲಹೆಗಾರರಾದರು, ಕಾಲೇಜು ಅಧ್ಯಾಪಕಿಯಾಗಿದ್ದ ತಾಯಿ ಡೋಂಡಾ 2007ರ ನವೆಂಬರಿನಲ್ಲಿ ನಿಧನಹೊಂದಿದರು, ಅಪಘಾತವಾದದ್ದು 2002ರಲ್ಲಿ. ಈ ಹಾಡು ಹೊರಬರುವ ಎರಡು ತಿಂಗಳ ಹಿಂದೆಯಷ್ಟೇ, 2015ರ ಡಿಸೆಂಬರಿನಲ್ಲಿ, ವೆಸ್ಟ್ ಅವರಿಗೆ ಮೊದಲ ಗಂಡುಮಗು ಹುಟ್ಟಿತ್ತು. ಅಂದರೆ ಇದನ್ನು ಹಾಡುವಾಗ ಅವರು ಒಬ್ಬ ತಂದೆಯ ಮಗನಾಗಿಯೂ ಒಬ್ಬ ಮಗನ ತಂದೆಯಾಗಿಯೂ ಮಾತಾಡುತ್ತಿದ್ದಾರೆ. ಹಾಡಿನ ಹೆಸರಿನಲ್ಲಿರುವ ‘ತಂದೆ’ ಯಾರು ಎಂಬುದು ಈಗ ಮೂರು ಕಡೆ ತೂಗುತ್ತದೆ.

ಪಿತೃಗಳು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುವುದೆಂಬ ಗಾದೆಯನ್ನು ದೇವರು ಯೆಹೆಜ್ಕೇಲನ ಮೂಲಕ ಖಂಡಿಸಿದ್ದಾನೆ (ಅಧ್ಯಾಯ 18). ಹಾಡಿನ ಈ ಭಾಗ ಆ ಗಾದೆಯನ್ನು ಮತ್ತೆ ಎತ್ತಿ ಹಿಡಿಯುತ್ತದೆಯೇ? ಹೌದೆಂದು ತೋರುತ್ತದೆ. ಆದರೆ ಅದನ್ನು ನೆಪವಾಗಿ ಹೇಳುವುದಕ್ಕೂ ನಾಚಿಕೆಯಾಗಿ ಹೇಳುವುದಕ್ಕೂ ಅಂತರವಿದೆ. ಇಲ್ಲಿ ಮೊದಲು ಬಂದಿರುವುದು ಕ್ಷಮಾಯಾಚನೆ, ತಂದೆಯ ಹೆಸರು ಆಮೇಲೆ. ಹಾಗಾಗಿ ನಾವು ಇದನ್ನು ಪಾಪನಿವೇದನೆಯ ಆರಂಭವೆಂದೇ ಎಣಿಸುತ್ತೇವೆ.

ಆರಂಭವೆಂದು ಹೇಳಿದ್ದಕ್ಕೆ ಕಾರಣವಿದೆ. ನಿವೇದನೆ ಇನ್ನೂ ಮುಗಿಯುವ ಮುಂಚೆಯೇ ಹಾಡಿನೊಳಕ್ಕೆ ಡಿಸೈನರ್ ಎಂಬ ಬೇರೊಬ್ಬ ತರುಣನ ‘ಪಾಂಡಾ’ ಎಂಬ ಹಾಡು ನುಗ್ಗುತ್ತದೆ. ಪಾಂಡಾ ಎಂದರೆ ಬಿಳಿಯ ಬಣ್ಣದ ಒಂದು ಬಿಎಂಡಬ್ಲ್ಯು ಕಾರು. ನೋಡಲು ಆ ಪ್ರಾಣಿಯಂತೆ ಇದೆಯೆಂದು ಆ ಹೆಸರು. ಲೂಕ 15ರಲ್ಲಿ ಮಗನು ಸಿದ್ಧಮಾಡಿಕೊಂಡು ಬಂದ ಮಾತು ಮುಗಿಯುವ ಮೊದಲೇ ತಂದೆಯು ಅಡ್ಡಬಂದು ಆಳುಗಳಿಗೆ ನಿಲುವಂಗಿ ತರಲು ಹೇಳುತ್ತಾನೆ. ಈ ಹಾಡಿನಲ್ಲಿಯೂ ಮಗನ ಮಾತಿಗೆ ಅಡ್ಡಿಯಾಗುತ್ತದೆ, ಆದರೆ ಅಡ್ಡ ಬಂದದ್ದು ಕಾರು. ನೋವಿನ ಮಾತನ್ನು ಆಡಿ ಮುಗಿಸಲಾರದೆ ಮತ್ತೆ ಗದ್ದಲದೊಳಕ್ಕೆ ಓಡಿಹೋಗುವುದು ಹೇಗಿರುತ್ತದೆಂದು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಹಾಡನ್ನು ನಾವು ಕೇಳಿಲ್ಲ. ಮದ್ಯದ ಅಂಗಡಿಯ ಮುಂದೆ ನಿಂತ ವಿಶ್ವಾಸಿಯೊಡನೆ ಮಾತಾಡಿದ ಯಾವ ಪಾಲಕನಿಗೂ ಈ ಓಟ ಗೊತ್ತಿರುತ್ತದೆ.

ಇಲ್ಲಿಯವರೆಗಿನ ಓದು ಬಹುಮಟ್ಟಿಗೆ ಕಲಬುರಗಿಯ ಕೂಟದ್ದು. ನಗರದ ಆ ವಿದ್ಯಾರ್ಥಿಗಳು ಹಾಡನ್ನು ಒಬ್ಬ ಪ್ರಸಿದ್ಧ ವ್ಯಕ್ತಿಯ ಕಥೆಯಾಗಿ ಕೇಳಿದ್ದರು. ಕಮಲಾಪುರವು ಹುಮನಾಬಾದ್ ರಸ್ತೆಯಲ್ಲಿ ನಗರದಿಂದ 40 ಕಿಲೋಮೀಟರಿಗೂ ಕಡಿಮೆ ದೂರದಲ್ಲಿದೆ. ಕೆಂಪು ಬಾಳೆಹಣ್ಣಿನಿಂದ ಹೆಸರಾದ ಊರು, ಸುತ್ತಮುತ್ತ ತಾಂಡಾಗಳು. ತೊಗರಿಯ ರಾಶಿಯಾದ ಮೇಲೆ ಈ ಕಡೆಯ ಎಷ್ಟೋ ಮನೆಗಳಿಂದ ತಂದೆಯರು, ಕೆಲವೊಮ್ಮೆ ತಾಯಂದಿರೂ, ಹೈದರಾಬಾದ್, ಪುಣೆ, ಮುಂಬೈಗಳಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿನ ಕೂಟದಲ್ಲಿ ನಾವು ಎರಡನೆಯ ಭಾಗದ ಸಾರಾಂಶವನ್ನು ಹೇಳಿ, ಮರುಕರೆ ಮಾಡದ್ದಕ್ಕೆ ಕ್ಷಮೆ ಕೇಳುವ ಮಾತಿಗೆ ಬಂದಾಗ, ಹೈಸ್ಕೂಲಿನ ಹುಡುಗನೊಬ್ಬನು ತಲೆ ಎತ್ತದೆ, “ನಮ್ಮಪ್ಪ ಹಿಂಗ ಅನ್ನಂಗಿಲ್ರಿ. ಅವಂಗ ಟೈಮ್ ಎಲ್ಲೈತ್ರಿ” ಎಂದನು.

ಆ ಮಾತು ನಮ್ಮ ಪ್ರಸಂಗದ ಅರ್ಧವನ್ನು ಕೆಡವಿತು. ದೂರವಿರುವ ತಂದೆಯ ಬಗ್ಗೆ ನಾವು ಸಿದ್ಧಮಾಡಿಕೊಂಡಿದ್ದ ಮಾತುಗಳೆಲ್ಲ ದೂರವಿರುವುದು ತಂದೆಯ ತಪ್ಪು ಎಂಬ ನೆಲೆಯಿಂದ ಹೊರಟಿದ್ದವು. ವೆಸ್ಟ್ ಅವರ ವಿಷಯದಲ್ಲಿ ಅದು ನಿಜವಿರಬಹುದು, ಅವರೇ ಒಪ್ಪಿಕೊಳ್ಳುತ್ತಾರೆ. ಆದರೆ ಅತಿಯಿಂದ ಮನೆ ಬಿಟ್ಟವನೂ ಕೊರತೆಯಿಂದ ಮನೆ ಬಿಟ್ಟವನೂ ಒಂದೇ ಅಲ್ಲ. ಎರಡನೆಯವನ ಮಗನ ಮುಂದೆ ದಾರಿತಪ್ಪಿದ ತಂದೆಯರ ಬಗ್ಗೆ ಪ್ರಸಂಗ ಮಾಡಿದರೆ, ಅವನ ತಂದೆಯ ಬೆವರಿನ ಮೇಲೆ ಸುಳ್ಳುಸಾಕ್ಷಿ ಹೇಳಿದಂತಾಗುತ್ತದೆ. ಹೊಲ ಕೊಯ್ದವರಿಂದ ಹಿಡಿದಿಟ್ಟುಕೊಂಡ ಕೂಲಿಯು ಸೇನಾಧೀಶ್ವರನಾದ ಕರ್ತನ ಕಿವಿಗೆ ಕೂಗುತ್ತದೆಂದು ಯಾಕೋಬನು ಹೇಳುವಲ್ಲಿ (5:4) ದೋಷ ಯಾರ ತಲೆಯ ಮೇಲಿದೆ ಎಂಬುದು ಸ್ಪಷ್ಟವಾಗಿದೆ. ಅಮೆರಿಕದ ಕಪ್ಪು ಜನರ ಚರಿತ್ರೆಯೂ ಇದೇ ಎಚ್ಚರಿಕೆಯನ್ನು ಕೊಡುತ್ತದೆ. ಆ ಕೈಚಾಚುವ ಗೀತೆಯನ್ನು ಹೊಲಗಳಲ್ಲಿ ಹಾಡಿದವರ ನಡುವೆ ಮಕ್ಕಳಿಂದ ತಂದೆಯರನ್ನು ಬೇರ್ಪಡಿಸಿದ್ದು ಗುಲಾಮರ ಸಂತೆ. ಮನೆಯಲ್ಲಿ ತಂದೆಯಿಲ್ಲದಿದ್ದಾಗ ಅವರು ಪರಲೋಕದಲ್ಲಿರುವ ತಂದೆಯ ಕಡೆಗೆ ಕೈಚಾಚಿದ್ದಕ್ಕೆ ಅದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ಕಲಬುರಗಿಯಲ್ಲಿ ‘ಅಪ್ಪ’ ಎಂಬ ಮಾತಿಗೆ ವಿಸ್ತಾರವಾದ ಅರ್ಥವಿದೆ. ಶರಣಬಸವೇಶ್ವರ ಸಂಸ್ಥಾನದ ಪೀಠಾಧಿಪತಿಗಳನ್ನು ಊರೆಲ್ಲ ‘ಅಪ್ಪಾ’ ಎಂದೇ ಕರೆಯುತ್ತದೆ. ಕಥೋಲಿಕ ಸಹೋದರರು ತಮ್ಮ ಗುರುಗಳನ್ನು ಫಾದರ್ ಎನ್ನುತ್ತಾರೆ. ಕೊರಿಂಥದವರಿಗೆ ಬೋಧಕರು ಬಹಳ ಮಂದಿ, ತಂದೆಯರು ಹೆಚ್ಚಿಲ್ಲ ಎಂದು ಪೌಲನು ಬರೆದದ್ದು ಇಂಥ ಊರಿನಲ್ಲಿ ಚೆನ್ನಾಗಿ ಅರ್ಥವಾಗಬೇಕು (1 ಕೊರಿಂಥ 4:15).

ಪೌಲನ ಹೆಸರು ಬಂದದ್ದರಿಂದ ಸಂಗ್ರಹದ ಹೆಸರನ್ನೂ ನೋಡೋಣ. ಪಾಬ್ಲೋ ಎಂಬುದು ಪೌಲ ಎಂಬ ಹೆಸರಿನ ಸ್ಪ್ಯಾನಿಷ್ ರೂಪ. ಚಿತ್ರಕಾರ ಪಿಕಾಸೋ, ಮಾದಕವಸ್ತುಗಳ ದೊರೆ ಎಸ್ಕೊಬಾರ್ ಇವರೊಂದಿಗೆ ಅಪೊಸ್ತಲನಾದ ಪೌಲನೂ ಆ ಹೆಸರಿನಲ್ಲಿದ್ದಾನೆಂದು ವೆಸ್ಟ್ ತಿಳಿಸಿದ್ದರು. ಕಲೆ, ಅತಿ, ಸುವಾರ್ತೆ: ಮೂವರು ಪಾಬ್ಲೋಗಳು ಒಂದೇ ಮೈಯಲ್ಲಿ ಜಗಳವಾಡುತ್ತಿದ್ದಾರೆಂದು ತಿಳಿದರೆ ಹಾಡು ಹೆಚ್ಚು ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಏಳನೆಯ ಅಧ್ಯಾಯದಲ್ಲಿ ಪೌಲನು, ಮಾಡಲಿಚ್ಛಿಸುವ ಒಳ್ಳೆಯದನ್ನು ಮಾಡಲಾರದೆ ಇಚ್ಛಿಸದ ಕೆಟ್ಟದ್ದನ್ನೇ ಮಾಡುವವನ ಗೋಳನ್ನು ಬರೆದಿದ್ದಾನೆ. ಎಂಟನೆಯ ಅಧ್ಯಾಯದಲ್ಲಿ ಪುತ್ರಭಾವದ ಆತ್ಮದಿಂದ ಅಪ್ಪಾ, ತಂದೆಯೇ ಎಂದು ಕೂಗುವ ಬಿಡುಗಡೆ ಬರುತ್ತದೆ. ವೆಸ್ಟ್ ಅವರ ಸ್ವಂತ ಧ್ವನಿ ಏಳನೆಯ ಅಧ್ಯಾಯವನ್ನು ದಾಟುವುದಿಲ್ಲ. ಎಂಟನೆಯ ಅಧ್ಯಾಯವನ್ನು ಹಾಡುತ್ತಿರುವವರು ಬ್ಯಾರೆಟ್ ಅವರ ಆ ಹುಡುಗ ಹುಡುಗಿಯರು. ಕಲಬುರಗಿಯ ತರುಣನ ಪ್ರಶ್ನೆಗೆ ಈಗ ನಾವು ಕೊಡುವ ಉತ್ತರ ಇದು: ಪ್ರಾರ್ಥನೆಯೂ ಇದೆ, ಸೊಕ್ಕೂ ಇದೆ, ಪ್ರಾರ್ಥಿಸುತ್ತಿರುವುದು ಸಭೆ, ಮತ್ತು ಸೊಕ್ಕಿದವನು ಆ ಸಭೆಯಿಂದ ದೂರ ಹೋಗಲಾರದೆ ಅದರ ಧ್ವನಿಯನ್ನು ಜೊತೆಗೆ ಹೊತ್ತುಕೊಂಡೇ ತಿರುಗುತ್ತಿದ್ದಾನೆ.

ಪ್ರಸಂಗಿಯ ಎರಡನೆಯ ಅಧ್ಯಾಯವನ್ನು ಈ ಹಾಡಿನ ಪಕ್ಕದಲ್ಲಿಟ್ಟು ಓದುವಂತೆ ನಾವು ಸಲಹೆಮಾಡುತ್ತೇವೆ. ದ್ರಾಕ್ಷಾರಸ, ಅರಮನೆ, ತೋಟ, ಬೆಳ್ಳಿಬಂಗಾರ, ಗಾಯಕ ಗಾಯಕಿಯರು, ಎಲ್ಲರಿಗಿಂತ ದೊಡ್ಡ ಹೆಸರು, ಎಲ್ಲವೂ ಅಲ್ಲಿವೆ. ಬಹಳ ಜನ ಓದುಗರು ಹನ್ನೊಂದನೆಯ ವಚನದ ವ್ಯರ್ಥತೆಗೇ ನಿಂತುಬಿಡುತ್ತಾರೆ. ಆದರೆ ಅಧ್ಯಾಯ ಅಲ್ಲಿ ಮುಗಿಯುವುದಿಲ್ಲ. 18 ಮತ್ತು 19ನೆಯ ವಚನಗಳಲ್ಲಿ, ತಾನು ಪ್ರಯಾಸಪಟ್ಟು ಕೂಡಿಸಿದ್ದೆಲ್ಲ ತನ್ನ ಬಳಿಕ ಬರುವವನ ಪಾಲಾಗುವುದು, ಅವನು ಜ್ಞಾನಿಯೋ ಮೂಢನೋ ಯಾರು ಬಲ್ಲರು ಎಂಬ ಸಂಕಟ ಹೊರಬರುತ್ತದೆ. ಕೀರ್ತಿ ಮತ್ತು ಭೋಗದ ಲೆಕ್ಕ ಹಾಕುತ್ತ ಹೋದ ಪ್ರಸಂಗಿ ಕೊನೆಗೆ ಮುಟ್ಟುವುದು ತನ್ನ ಉತ್ತರಾಧಿಕಾರಿಯ, ಮಗನ, ಪ್ರಶ್ನೆಯನ್ನು. ಹಾಡಿನ ಎರಡು ಭಾಗಗಳೂ ಇದೇ ಕ್ರಮದಲ್ಲಿ ನಡೆಯುತ್ತವೆ.

ಹಾಡಿದವರ ಮುಂದಿನ ಬದುಕಿನ ಬಗ್ಗೆ ಮೌನವಾಗಿರುವುದು ಪ್ರಾಮಾಣಿಕತೆಯಲ್ಲ. 2016ರ ನವೆಂಬರಿನಲ್ಲಿ ವೆಸ್ಟ್ ಪ್ರವಾಸವನ್ನು ಅರ್ಧಕ್ಕೆ ನಿಲ್ಲಿಸಿ ಆಸ್ಪತ್ರೆ ಸೇರಿದರು. 2019ರಲ್ಲಿ ಭಾನುವಾರದ ಆರಾಧನಾ ಕೂಟಗಳನ್ನು ಆರಂಭಿಸಿ, ಅದೇ ವರ್ಷ ‘ಜೀಸಸ್ ಈಸ್ ಕಿಂಗ್’ ಎಂಬ ಸಂಗ್ರಹವನ್ನು ಹೊರತಂದರು. ನಮ್ಮಲ್ಲಿಯೂ ಅನೇಕರು ಅದನ್ನು ಮಾನಸಾಂತರವೆಂದು ಸ್ವಾಗತಿಸಿದರು. 2022ರ ಅಕ್ಟೋಬರಿನಲ್ಲಿ ಯೆಹೂದ್ಯರ ವಿರುದ್ಧ ದ್ವೇಷದ ಮಾತುಗಳನ್ನಾಡಿದರು. ಅಡಿಡಾಸ್ ಕಂಪನಿ ಅವರೊಂದಿಗಿನ ಸಂಬಂಧವನ್ನು ಕಡಿದುಕೊಂಡಿತು. ಆ ವರ್ಷವೇ ಅವರ ವಿವಾಹವೂ ವಿಚ್ಛೇದನದಲ್ಲಿ ಮುಗಿಯಿತು. ಪೌಲನ ಹೆಸರನ್ನು ಹೊತ್ತವನು ಪೌಲನ ಜನವನ್ನು ದ್ವೇಷಿಸುವುದನ್ನು ಸಭೆ ಲಘುವಾಗಿ ಕಾಣಲಾಗದು. ತನ್ನ ರಕ್ತಸಂಬಂಧಿಗಳಿಗಾಗಿ ತಾನೇ ಶಾಪಗ್ರಸ್ತನಾಗಲು ಸಿದ್ಧನೆಂದ ಪೌಲನು (ರೋಮಾ 9:3), ಕಸಿಕಟ್ಟಿಸಿಕೊಂಡ ಕಾಡೆಣ್ಣೆಮರದ ಕೊಂಬೆಯು ಬೇರಿನ ಮೇಲೆ ಹೆಚ್ಚಳಪಡಬಾರದೆಂದು ಎಚ್ಚರಿಸಿದನು (11:17–18). ಸೊಕ್ಕೆಂಬುದು ಕಾರಿನಲ್ಲಿ, ಅಂಗಿಯಲ್ಲಿ ಇರುವುದಕ್ಕಿಂತ ಅಪಾಯಕರವಾಗಿ ಇರುವ ಜಾಗ ಇದು. ತರುಣರಿಗೆ ಇದನ್ನು ಬಿಡಿಸಿ ಹೇಳಬೇಕು. ಹಾಗೆಂದು 2016ರ ಹಾಡಿನ ಪ್ರಾರ್ಥನೆ ಹಿಂದಿನಿಂದ ಸುಳ್ಳಾಗುವುದಿಲ್ಲ. ದಾವೀದನ ಹೆಸರಿನ ಕೀರ್ತನೆಗಳನ್ನು ಊರೀಯನ ಹೆಂಡತಿಯ ಪ್ರಸಂಗದ ನಂತರವೂ ನಾವು ಹಾಡುತ್ತಲೇ ಇದ್ದೇವೆ. ಖ್ಯಾತನೊಬ್ಬನು ಪ್ರಭುವಿನ ಹೆಸರೆತ್ತಿದ ಕೂಡಲೇ ಅವನನ್ನು ನಮ್ಮ ವೇದಿಕೆಯ ಮೇಲೆ ಏರಿಸುವ ಆತುರವನ್ನಾದರೂ ಬಿಡಬಹುದಿತ್ತು.

ದಾವೀದನ ಮಾತು ಬಂದಿತು. ಅಬ್ಷಾಲೋಮನು ಯೆರೂಸಲೇಮಿಗೆ ಮರಳಿ ಬಂದು, ಅದೇ ಊರಿನಲ್ಲಿದ್ದು, ಎರಡು ವರ್ಷ ತಂದೆಯ ಮುಖವನ್ನು ನೋಡಲಿಲ್ಲ (2 ಸಮುವೇಲ 14:28). ಆ ಮೇಲೆ ಕೋಣೆಯಲ್ಲಿ ಕುಳಿತು ಮಗನ ಹೆಸರನ್ನು ಮತ್ತೆ ಮತ್ತೆ ಕೂಗಿ ಅತ್ತವನು ಇದೇ ಕೀರ್ತನಕಾರ. ಏಲಿಗೆ ತನ್ನ ಮಕ್ಕಳ ನಡತೆಯ ಸುದ್ದಿ ತಿಳಿದದ್ದು ಊರವರ ಬಾಯಿಂದ (1 ಸಮುವೇಲ 2:22–24). ಸಮುವೇಲನು ವರ್ಷಕ್ಕೊಮ್ಮೆ ಬೇತೇಲ್, ಗಿಲ್ಗಾಲ್, ಮಿಚ್ಪೆಗಳನ್ನು ಸುತ್ತಿ ಬರುತ್ತಿದ್ದನೆಂದು ಏಳನೆಯ ಅಧ್ಯಾಯದ ಕೊನೆಯಲ್ಲಿದೆ. ಎಂಟನೆಯ ಅಧ್ಯಾಯದ ಆರಂಭದಲ್ಲಿ ಅವನ ಮಕ್ಕಳು ಬೇರ್ಷೆಬದಲ್ಲಿ ಲಂಚ ತಿನ್ನುತ್ತಿದ್ದಾರೆ. ಎರಡಕ್ಕೂ ಸಂಬಂಧವಿದೆಯೆಂದು ಗ್ರಂಥಕರ್ತನು ಎಲ್ಲಿಯೂ ಹೇಳುವುದಿಲ್ಲ. ಊರೂರು ಸುತ್ತುವ ಸೇವೆಯ ಪರಂಪರೆಯಲ್ಲಿ ಬಂದ ನಾವು ಆ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದಿ ನೋಡಬೇಕು. ಸೇವೆಯೂ ಒಂದು ಕೀರ್ತಿಯಾಗಬಲ್ಲದು, ಅತಿಯೂ ಆಗಬಲ್ಲದು. ಕಮಲಾಪುರದ ಕೂಟ ನಡೆಯುತ್ತಿದ್ದಾಗ ನಮ್ಮ ಜೇಬಿನಲ್ಲಿದ್ದ ಫೋನಿಗೆ ಮನೆಯಿಂದ ಎರಡು ಸಲ ಕರೆ ಬಂದಿತ್ತು, ನೋಡಿದ್ದು ಬಸ್ಸಿನಲ್ಲಿ.

ಮುಂದಿನ ಸಲ ಅಲ್ಲಿಗೆ ಹೋದಾಗ ಲೂಕ 15ರ ಬದಲು 2 ಸಮುವೇಲ 14ನ್ನು ಓದಿದೆವು. ಹಾಡನ್ನು ಕೇಳಿಸಲಿಲ್ಲ. ಅದರ ಹೆಸರನ್ನು ಮಾತ್ರ ಕನ್ನಡಕ್ಕೆ ತಂದು, ಗಾಯಕವೃಂದದ ರಾಗಕ್ಕೆ ಹೊಂದಿಸಿ ಪ್ರಾರ್ಥನೆಯ ಮೊದಲು ಹಾಡಬಹುದೇ ಎಂದು ಹುಡುಗರು ಕೇಳಿದ್ದರು. ‘ತಂದೆಯೇ, ಕೈ ಚಾಚುವೆ’ ಎಂದು ಒಬ್ಬನು ಬರೆದನು. ಅಪ್ಪನಿಗೆ ಟೈಮ್ ಎಲ್ಲೈತ್ರಿ ಎಂದಿದ್ದ ಹುಡುಗನು ಅದನ್ನು ಹೊಡೆದುಹಾಕಿ ‘ನನ್ನ ಕೈ ಚಾಚಿಸು’ ಎಂದು ಬರೆದನು. ಪೂರ್ವಗಾಮಿ ಕೃಪೆಯ ಬಗ್ಗೆ ನಾವು ಅವನಿಗೆ ಏನನ್ನೂ ಹೇಳಿರಲಿಲ್ಲ. ಅವನ ಸಾಲಿನಲ್ಲಿ ರಾಗಕ್ಕೆ ಎರಡು ಮಾತ್ರೆ ಹೆಚ್ಚಾಗುತ್ತದೆ. ಅದನ್ನು ಹೇಗೆ ಕೂರಿಸುವುದೆಂದು ಅವರು ಇನ್ನೂ ನೋಡುತ್ತಿದ್ದಾರೆ.